ಒಡೆಯದೆ ಒಳಗನ್ನು ಕಾಣುವುದು

ಸಂತೆಗೆ ಗಡಿಗೆ ಕೊಳ್ಳಲು ಹೋದ ಗೃಹಿಣಿಯು ಮೊದಲು ಬೆಲೆಯನ್ನು ಕೇಳುವುದಿಲ್ಲ. ಗಡಿಗೆಯನ್ನು ಎಡಗೈಯಲ್ಲಿ ಎತ್ತಿ ಹಿಡಿದು ಬಲಗೈಯ ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟುತ್ತಾಳೆ. ಟಣ್ಣೆಂದು ದನಿ ಬಂದು ಕ್ಷಣಕಾಲ ನಿಂತರೆ ಬೆಲೆಯ ಮಾತು ಆರಂಭವಾಗುವುದು. ಒಡಕು ದನಿ ಬಂದರೆ ಗಡಿಗೆ ಕುಂಬಾರನ ರಾಶಿಗೇ ಹಿಂದಿರುಗುವುದು. ಬಿರುಕು ಆಕೆಯ ಕಣ್ಣಿಗೆ ಕಂಡಿರುವುದಿಲ್ಲ, ಕಿವಿಗೆ ಕೇಳಿರುತ್ತದೆ. ಹಲಸಿನ ಹಣ್ಣನ್ನು ತಟ್ಟಿ ಅದರ ಹದವನ್ನು ತಿಳಿಯುವ ತೋಟಗಾರನೂ, ತೆಂಗಿನಕಾಯನ್ನು ಕಿವಿಯ ಬಳಿ ಅಲುಗಿಸಿ ನೀರನ್ನು ಪರೀಕ್ಷಿಸುವ ಅಂಗಡಿಯವನೂ ಮಾಡುವುದು ಇದೇ ಕೆಲಸವನ್ನು. ವಸ್ತುವನ್ನು ಒಡೆದರೆ ಒಳಗು ತಿಳಿಯುವುದೇನೋ ನಿಜ. ಆದರೆ ಒಡೆದ ಮೇಲೆ ಆ ತಿಳಿವಳಿಕೆಯಿಂದ ಕೊಳ್ಳುವವರಿಗಾಗಲಿ ಮಾರುವವರಿಗಾಗಲಿ ಬರುವ ಲಾಭವಿಲ್ಲ.

ಗಡಿಗೆಯ ವಿಷಯದಲ್ಲಿ ತಪ್ಪಿದರೆ ನಷ್ಟವಾಗುವುದು ನಾಲ್ಕು ಕಾಸು. ಮನುಷ್ಯನ ಎದೆ, ರೈಲು ಎಂಜಿನ್ನಿನ ಇರುಸು, ಹಡಗಿನ ಮುಂದೆ ಹರಡಿರುವ ಕತ್ತಲ ಕಡಲು, ತಾಯಿಯ ಗರ್ಭ ಇವುಗಳ ವಿಷಯದಲ್ಲಿ ತಪ್ಪಿದರೆ ಹೋಗುವುದು ಪ್ರಾಣ. ಇವುಗಳನ್ನು ಒಡೆಯದೆ, ಕೊಯ್ಯದೆ, ಒಳಗನ್ನು ಅರಿಯುವುದಕ್ಕೆ ಮನುಷ್ಯನು ಎರಡು ದಾರಿಗಳನ್ನು ಕಂಡುಕೊಂಡನು. ಒಂದು ದನಿಯ ದಾರಿ, ಇನ್ನೊಂದು ಕಿರಣದ ದಾರಿ. ಒಂದರಿಂದ ನಮಗೆ ದೊರೆಯುವುದು ಮರುದನಿ, ಇನ್ನೊಂದರಿಂದ ನೆರಳು. ಇವುಗಳ ಇನ್ನೂರೈವತ್ತು ವರ್ಷಗಳ ಚರಿತ್ರೆಯನ್ನು ಸಂಗ್ರಹವಾಗಿ ನಿರೂಪಿಸುವುದು ಈ ಭಾಷಣದ ಉದ್ದೇಶ. ಯಂತ್ರಗಳ ವೃದ್ಧಿಯ ಕಥೆಯ ಜೊತೆಗೆ, ಯಂತ್ರವು ತೋರಿಸಿದ್ದನ್ನು ಮನುಷ್ಯನು ಹೇಗೆ ತಿಳಿದುಕೊಂಡನು, ಎಲ್ಲಿ ತಪ್ಪಿದನು, ಅದಕ್ಕೆ ಯಾರು ಬೆಲೆ ತೆತ್ತರು ಎಂಬುದನ್ನೂ ನಾವು ನೋಡಬೇಕು.

ತಟ್ಟಿ ನೋಡುವ ವಿದ್ಯೆಯನ್ನು ಮನುಷ್ಯಶರೀರಕ್ಕೆ ಕ್ರಮವಾಗಿ ಅನ್ವಯಿಸಿದವನು ಲಿಯೋಪೋಲ್ಡ್ ಔಎನ್‌ಬ್ರುಗ್ಗರ್ ಎಂಬ ಆಸ್ಟ್ರಿಯ ದೇಶದ ವೈದ್ಯ. ಅವನು 1722ರಲ್ಲಿ ಗ್ರಾಟ್ಸ್ ಪಟ್ಟಣದಲ್ಲಿ ಹುಟ್ಟಿದನು. ತಂದೆ ಪ್ರಯಾಣಿಕರಿಗಾಗಿ ತಂಗುಮನೆಯೊಂದನ್ನು ನಡೆಸುತ್ತಿದ್ದನು. ಅಲ್ಲಿಯ ನೆಲಮಾಳಿಗೆಯಲ್ಲಿ ಮದ್ಯದ ಪೀಪಾಯಿಗಳನ್ನು ತಟ್ಟಿ, ಎಷ್ಟು ತುಂಬಿದೆ ಎಷ್ಟು ಬರಿದಾಗಿದೆ ಎಂದು ತಿಳಿಯುವುದನ್ನು ಈ ಬಾಲಕನು ಕಲಿತನೆಂದು ಪ್ರತೀತಿಯುಂಟು. ಮುಂದೆ ವಿಯೆನ್ನ ನಗರದ ಆಸ್ಪತ್ರೆಯಲ್ಲಿ ವೈದ್ಯನಾದಾಗ ರೋಗಿಗಳ ಎದೆಯನ್ನು ಬೆರಳಿನಿಂದ ತಟ್ಟಿ ಆಲಿಸತೊಡಗಿದನು. ಆರೋಗ್ಯವಂತನ ಎದೆ ದಪ್ಪ ಉಣ್ಣೆಯ ಬಟ್ಟೆಯನ್ನು ಹೊದಿಸಿದ ನಗಾರಿಯಂತೆ ದನಿಗೊಡುವುದೆಂದೂ, ಒಳಗೆ ನೀರು ತುಂಬಿದ ಕಡೆ ದನಿ ಮಂಕಾಗುವುದೆಂದೂ ಕಂಡುಕೊಂಡನು. ಕಿವಿಗೆ ಕೇಳಿದ್ದನ್ನೇ ನಂಬಿ ಅವನು ಕುಳಿತುಕೊಳ್ಳಲಿಲ್ಲ. ರೋಗಿ ಸತ್ತ ಮೇಲೆ ಶವವನ್ನು ಪರೀಕ್ಷಿಸಿ, ತಾನು ಕೇಳಿದ ದನಿಗೂ ಒಳಗೆ ಇದ್ದ ಸ್ಥಿತಿಗೂ ತಾಳೆ ನೋಡಿದನು. ಶವದ ಎದೆಗೆ ನೀರನ್ನು ಹೊಗಿಸಿ, ನೀರಿನ ಮಟ್ಟ ಏರಿದಂತೆ ದನಿ ಹೇಗೆ ಬದಲಾಗುವುದೆಂಬುದನ್ನೂ ಪರೀಕ್ಷಿಸಿದನು. 1761ರಲ್ಲಿ ಲ್ಯಾಟಿನ್ ಭಾಷೆಯ ಚಿಕ್ಕ ಪುಸ್ತಕವೊಂದರಲ್ಲಿ ಇದೆಲ್ಲವನ್ನೂ ಪ್ರಕಟಿಸಿದನು.

ಆ ಪುಸ್ತಕವನ್ನು ಲಕ್ಷಿಸಿದವರು ಬಹು ವಿರಳ. ನೆಪೋಲಿಯನ್ ಚಕ್ರವರ್ತಿಯ ವೈದ್ಯನಾಗಿದ್ದ ಕೊರ್ವಿಸಾರ್ ಎಂಬುವನು 1808ರಲ್ಲಿ ಅದನ್ನು ಫ್ರೆಂಚಿಗೆ ಅನುವಾದಿಸಿ, ಕೀರ್ತಿ ಮೂಲಕರ್ತೃವಿನದೇ ಎಂದು ಉದಾರವಾಗಿ ಒಪ್ಪಿದ ಮೇಲೆ ವಿದ್ಯೆ ಹಬ್ಬಿತು. ಔಎನ್‌ಬ್ರುಗ್ಗರ್ ಮರುವರ್ಷವೇ ತೀರಿಕೊಂಡನು. ಕೊರ್ವಿಸಾರನ ಶಿಷ್ಯನಾದ ಲೆನೆಕ್ ಎಂಬ ವೈದ್ಯನು 1816ರಲ್ಲಿ ಕಾಗದವನ್ನು ಕೊಳವೆಯಂತೆ ಸುತ್ತಿ ಒಂದು ತುದಿಯನ್ನು ರೋಗಿಯ ಎದೆಗೂ ಇನ್ನೊಂದನ್ನು ತನ್ನ ಕಿವಿಗೂ ಇಟ್ಟು ಆಲಿಸಿದನು. ಸ್ಟೆತಾಸ್ಕೋಪು ಹುಟ್ಟಿದ್ದು ಹೀಗೆ. ಕ್ಷಯರೋಗಿಗಳ ಎದೆಯ ದನಿಗಳನ್ನು ಅಷ್ಟು ಸೂಕ್ಷ್ಮವಾಗಿ ವಿಂಗಡಿಸಿದ ಆ ಮಹಾಶಯನು 1826ರಲ್ಲಿ ಕ್ಷಯದಿಂದಲೇ ಸತ್ತನು.

ಇತ್ತ ಉಗಿಬಂಡಿಗಳ ಯುಗ ಆರಂಭವಾಗಿತ್ತು. 1842ನೆಯ ಮೇ 8ರಂದು ವೆರ್ಸೈಲ್ಸ್ ಅರಮನೆಯ ಉತ್ಸವವನ್ನು ನೋಡಿಕೊಂಡು ಜನ ಪ್ಯಾರಿಸ್ಸಿಗೆ ಹಿಂದಿರುಗುತ್ತಿದ್ದರು. ದಾರಿಯಲ್ಲಿ ಮುಂದಿನ ಎಂಜಿನ್ನಿನ ಇರುಸು ಮುರಿಯಿತು. ಹಿಂದಿನ ಗಾಡಿಗಳು ಒಂದರ ಮೇಲೊಂದು ಏರಿ ಬಿದ್ದು ಕುಲುಮೆಯ ಬೆಂಕಿ ಹತ್ತಿಕೊಂಡಿತು. ಅಂದಿನ ಪದ್ಧತಿಯಂತೆ ಗಾಡಿಗಳ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಲಾಗಿತ್ತು. 50ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಆ ಇರುಸು ಹಿಂದಿನ ದಿನದವರೆಗೂ ಚೆನ್ನಾಗಿಯೇ ಓಡಿತ್ತು. ಇಂಥ ಮುರಿತಗಳನ್ನು ಪರಿಶೀಲಿಸಿದ ರ‍್ಯಾಂಕಿನ್ ಎಂಬ ಸ್ಕಾಟ್ಲೆಂಡಿನ ಎಂಜಿನಿಯರನು, ಲೋಹದ ಮೂಲೆಯಲ್ಲಿ ಕೂದಲೆಳೆಯಂಥ ಬಿರುಕು ಹುಟ್ಟಿ, ಪ್ರತಿ ಸುತ್ತಿಗೂ ಇಷ್ಟಿಷ್ಟೇ ಒಳಸರಿದು, ಕೊನೆಗೆ ಒಮ್ಮೆಗೇ ಮುರಿಯುವುದೆಂದು ತೋರಿಸಿದನು. ಕಬ್ಬಿಣಕ್ಕೂ ಎದೆಯಂತೆಯೇ ಒಳರೋಗವುಂಟೆಂದು ಆಗ ತಿಳಿಯಿತು. ಮದ್ದೂ ಹಳೆಯದೇ. ರೈಲು ನಿಂತಾಗ ಉದ್ದ ಹಿಡಿಯ ಸುತ್ತಿಗೆಯನ್ನು ಹಿಡಿದ ಆಳು ಗಾಡಿಯುದ್ದಕ್ಕೂ ನಡೆದು ಚಕ್ರಗಳನ್ನು ಒಂದೊಂದಾಗಿ ಬಡಿದು ಆಲಿಸುವ ಪದ್ಧತಿ ಬಂತು. ರಾತ್ರಿಯ ಪ್ರಯಾಣದಲ್ಲಿ ಆ ಟಣ್ ಟಣ್ ಸದ್ದಿಗೆ ಎಚ್ಚರಗೊಂಡ ನೆನಪು ನಮ್ಮ ಹಿರಿಯರಲ್ಲಿ ಅನೇಕರಿಗೆ ಉಂಟು. ಒಡೆದ ಚಕ್ರ ಒಡಕು ದನಿಯನ್ನೇ ಕೊಡುವುದು. ಆದರೆ ಬಿರುಕು ಎಳೆಯದಾಗಿದ್ದರೆ, ಅಥವಾ ಇರುಸಿನ ಆಳದಲ್ಲಿದ್ದರೆ, ಬರಿಯ ಕಿವಿಗೆ ಅದು ನಿಲುಕುತ್ತಿರಲಿಲ್ಲ.

ಬರಿಯ ಕಿವಿಗೆ ಯಂತ್ರದ ಸಹಾಯ ಬಂದರೂ ಸಾಲದೆಂಬುದಕ್ಕೆ ಅಮೆರಿಕದ ಒಂದು ದುರಂತ ಸಾಕ್ಷಿಯಾಗಿದೆ. 1881ನೆಯ ಜುಲೈ 2ರಂದು ಅಧ್ಯಕ್ಷ ಗಾರ್‌ಫೀಲ್ಡನಿಗೆ ಗುಂಡೇಟು ಬಿದ್ದಿತು. ಗುಂಡು ಬೆನ್ನಿನಲ್ಲಿ ಹೊಕ್ಕು ಒಳಗೇ ಉಳಿಯಿತು. ವೈದ್ಯರು ತೊಳೆಯದ ಬೆರಳುಗಳನ್ನೂ ಸಲಾಕೆಗಳನ್ನೂ ಗಾಯದೊಳಗೆ ತೂರಿಸಿ ಹುಡುಕಿದರು. ಟೆಲಿಫೋನನ್ನು ನಿರ್ಮಿಸಿದ ಅಲೆಕ್ಸಾಂಡರ್ ಗ್ರಹಾಂ ಬೆಲ್ಲನು ಆಗ ಒಂದು ಯಂತ್ರವನ್ನು ಸಿದ್ಧಪಡಿಸಿದನು. ವಿದ್ಯುತ್ತು ಹರಿಯುವ ತಂತಿಯ ಸುರುಳಿಗಳ ಬಳಿಗೆ ಲೋಹ ಬಂದರೆ ಅವುಗಳ ಸಮತೋಲ ಕೆಟ್ಟು ಟೆಲಿಫೋನಿನಲ್ಲಿ ಝೇಂಕಾರ ಕೇಳುವುದು. ಪ್ರಯೋಗಶಾಲೆಯಲ್ಲಿ ಇದು ಚೆನ್ನಾಗಿ ನಡೆಯಿತು. ಅಧ್ಯಕ್ಷನ ಹಾಸಿಗೆಯ ಬಳಿ ಮಾತ್ರ ಎಲ್ಲೆಡೆಯೂ ಮಂದವಾದ ಸದ್ದು. ಹಾಸಿಗೆಯ ಒಳಗೆ ಉಕ್ಕಿನ ಸ್ಪ್ರಿಂಗುಗಳಿದ್ದುವು. ಅದಕ್ಕಿಂತ ಮಿಗಿಲಾದ ತೊಡಕು ಬೇರೆ. ಗುಂಡು ಬಲಗಡೆಯಲ್ಲಿದೆಯೆಂದು ಮುಖ್ಯವೈದ್ಯನು ಮೊದಲೇ ನಿಶ್ಚಯಿಸಿಕೊಂಡಿದ್ದನು. ಬಲಗಡೆಯಲ್ಲಿ ಮಾತ್ರ ಹುಡುಕಲು ಬಿಟ್ಟನು. ಸೆಪ್ಟೆಂಬರ್ 19ರಂದು ಗಾರ್‌ಫೀಲ್ಡ್ ಕೀವುರೋಗದಿಂದ ಸತ್ತನು. ಶವಪರೀಕ್ಷೆಯಲ್ಲಿ ಗುಂಡು ಎಡಗಡೆಯಲ್ಲಿ ದೊರೆಯಿತು. ಸಾಧನಕ್ಕೆ ಪ್ರಶ್ನೆಯನ್ನು ಹಾಕುವವನು ಉತ್ತರವನ್ನು ಮುಂಚೆಯೇ ಬರೆದಿಟ್ಟುಕೊಂಡಿದ್ದರೆ ಸಾಧನ ಏನು ಮಾಡೀತು?

ಈ ಘಟನೆಯಾದ ಹದಿನಾಲ್ಕು ವರ್ಷಗಳ ಮೇಲೆ ಕಿರಣದ ದಾರಿ ತೆರೆಯಿತು. 1895ನೆಯ ನವೆಂಬರ್ 8ರ ಸಂಜೆ ಜರ್ಮನಿಯ ವುರ್ಟ್ಸ್‌ಬುರ್ಗ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ವಿಲ್ಹೆಲ್ಮ್ ರಾಂಟ್‌ಜನ್ ಕತ್ತಲೆಯ ಕೋಣೆಯಲ್ಲಿ ಗಾಳಿ ತೆಗೆದ ಗಾಜಿನ ಕೊಳವೆಯೊಂದರಲ್ಲಿ ವಿದ್ಯುತ್ತನ್ನು ಹಾಯಿಸುತ್ತಿದ್ದನು. ಕೊಳವೆಗೆ ಕಪ್ಪು ರಟ್ಟನ್ನು ಮುಚ್ಚಿತ್ತು, ಬೆಳಕು ಹೊರಬೀಳುವಂತಿರಲಿಲ್ಲ. ಆದರೂ ಸ್ವಲ್ಪ ದೂರದಲ್ಲಿದ್ದ, ರಾಸಾಯನಿಕ ಲವಣವನ್ನು ಬಳಿದ ಪರದೆ ಮಿನುಗಿತು. ಏಳು ವಾರಗಳ ಕಾಲ ಯಾರಿಗೂ ಹೇಳದೆ ಪ್ರಯೋಗ ಮಾಡಿ, ಡಿಸೆಂಬರ್ 22ರಂದು ಹೆಂಡತಿಯ ಕೈಯ ಚಿತ್ರವನ್ನು ತೆಗೆದು, 28ರಂದು ಲೇಖನವನ್ನು ಒಪ್ಪಿಸಿದನು. ಕಿರಣದ ಸ್ವರೂಪ ತಿಳಿಯದ ಕಾರಣ ಬೀಜಗಣಿತದ ಅಜ್ಞಾತರಾಶಿಯ ಹೆಸರನ್ನೇ ಅದಕ್ಕೆ ಇಟ್ಟನು. ನಮ್ಮವರು ಅದನ್ನು ಕ್ಷ-ಕಿರಣವೆಂದು ಕರೆದರು. ಕೈಯ ಚಿತ್ರವನ್ನು ಲೋಕವೆಲ್ಲ ಬಲ್ಲದು. ಅದೇ ಲೇಖನದಲ್ಲಿ ಮುಚ್ಚಿದ ಪೆಟ್ಟಿಗೆಯೊಳಗಿನ ತೂಕದ ಬಟ್ಟುಗಳ ನೆರಳೂ, ಒಳಗೆ ಒಂದೇ ಸಮನಾಗಿಲ್ಲದ ಲೋಹದ ತುಂಡಿನ ನೆರಳೂ ಉಲ್ಲೇಖಗೊಂಡಿರುವುದು ಅಷ್ಟಾಗಿ ಪ್ರಸಿದ್ಧವಾಗಿಲ್ಲ. ವೈದ್ಯನಿಗೂ ಕಮ್ಮಾರನಿಗೂ ಈ ಕಿರಣ ಹುಟ್ಟಿದ ದಿನದಿಂದಲೇ ಸಮಾನವಾದ ಸ್ವತ್ತು. ರಾಂಟ್‌ಜನ್ ಅದರ ಮೇಲೆ ಪೇಟೆಂಟ್ ಹಕ್ಕನ್ನು ಪಡೆಯಲಿಲ್ಲ. 1901ರಲ್ಲಿ ಭೌತಶಾಸ್ತ್ರದ ಮೊಟ್ಟಮೊದಲನೆಯ ನೊಬೆಲ್ ಬಹುಮಾನ ಬಂದಾಗ ಹಣವನ್ನು ತನ್ನ ವಿಶ್ವವಿದ್ಯಾನಿಲಯಕ್ಕೆ ಕೊಟ್ಟನು.

ಕ್ಷ-ಕಿರಣದ ಚಿತ್ರವೆಂದರೆ ನೆರಳೇ ಹೊರತು ಬೇರೆ ಅಲ್ಲ. ಮಾಂಸದ ಮೂಲಕ ಕಿರಣ ಸುಲಭವಾಗಿ ಹಾಯುವುದು. ಸುಣ್ಣದ ಅಂಶವುಳ್ಳ ಮೂಳೆ ಅದನ್ನು ಹೆಚ್ಚಾಗಿ ಹೀರುವುದು. ಸೀಸದ ಗುಂಡು ಬಹುಮಟ್ಟಿಗೆ ತಡೆದೇ ಬಿಡುವುದು. ಆದ್ದರಿಂದ ಮೂಳೆ ಮುರಿದವರಿಗೂ ಗುಂಡು ತಗಲಿದವರಿಗೂ ಇದು ವರವಾಯಿತು. 1897-98ರಲ್ಲಿ ನಮ್ಮ ದೇಶದ ವಾಯವ್ಯ ಗಡಿಯ ತೀರಾ ಯುದ್ಧದಲ್ಲಿಯೇ ಬೀವರ್ ಎಂಬ ಸೇನಾವೈದ್ಯನು ಈ ಯಂತ್ರವನ್ನು ಬೆಟ್ಟದ ದಾರಿಗಳಲ್ಲಿ ಸಾಗಿಸಿ ಗಾಯಾಳುಗಳನ್ನು ಪರೀಕ್ಷಿಸಿದನು. 1914ರ ಮಹಾಯುದ್ಧದಲ್ಲಿ ಮೇರಿ ಕ್ಯೂರಿಯು ಸುಮಾರು 20 ಮೋಟಾರು ಬಂಡಿಗಳಲ್ಲಿ ಯಂತ್ರಗಳನ್ನು ಅಳವಡಿಸಿ ರಣರಂಗದ ಸಮೀಪಕ್ಕೆ ಒಯ್ದು, ಸುಮಾರು 150 ಮಂದಿ ಸ್ತ್ರೀಯರಿಗೆ ಅವುಗಳನ್ನು ನಡೆಸುವ ಶಿಕ್ಷಣ ಕೊಟ್ಟಳು. ಆದರೆ ನೆರಳಿಗೆ ಒಂದು ಕೊರತೆಯುಂಟು. ಗೋಡೆಯ ಮೇಲಿನ ನಮ್ಮ ನೆರಳಿನಲ್ಲಿ ಎದೆಯೂ ಬೆನ್ನೂ ಒಂದೇ ಆಗಿ ಬೆರೆಯುವಂತೆ, ಈ ಚಿತ್ರದಲ್ಲಿಯೂ ಮುಂದಿನದೂ ಹಿಂದಿನದೂ ಒಂದರ ಮೇಲೊಂದು ಬೀಳುವುದು. ಆಳ ಎಷ್ಟೆಂದು ನೆರಳು ಹೇಳಲಾರದು.

ಎರಡನೆಯ ಕೊರತೆ ಕೊರತೆಯಲ್ಲ, ಅಪಾಯ. ಕಿರಣ ಮೈಯನ್ನು ಹಾಯುವಾಗ ಬಿಸಿಯಿಲ್ಲ, ನೋವಿಲ್ಲ. ಹೆಚ್ಚು ಕಿರಣ ಬಿದ್ದ ಚರ್ಮ ಕೆಂಪಾಗಿ ಹುಣ್ಣಾಗುವುದು ದಿನಗಳೋ ವಾರಗಳೋ ಕಳೆದ ಮೇಲೆ. ಅರ್ಬುದ ತಲೆದೋರುವುದು ವರ್ಷಗಳ ಮೇಲೆ. ಕಾರಣಕ್ಕೂ ಕಾರ್ಯಕ್ಕೂ ಇಷ್ಟು ಅಂತರವಿದ್ದುದರಿಂದ ಮೊದಲಿನವರು ಎಚ್ಚರಗೊಳ್ಳಲಿಲ್ಲ. ಎಡಿಸನ್ನನ ಸಹಾಯಕನಾಗಿದ್ದ ಕ್ಲಾರೆನ್ಸ್ ಡ್ಯಾಲಿ ಎಂಬ ಗಾಜಿನ ಕೆಲಸಗಾರನು ಕೊಳವೆ ಸರಿಯಾಗಿದೆಯೇ ಎಂದು ನೋಡಲು ಪ್ರತಿದಿನವೂ ತನ್ನ ಕೈಯನ್ನೇ ಅಡ್ಡ ಹಿಡಿಯುತ್ತಿದ್ದನು. ಹುಣ್ಣು ಅರ್ಬುದವಾಯಿತು, ಎರಡು ತೋಳುಗಳನ್ನೂ ಕತ್ತರಿಸಬೇಕಾಯಿತು, 1904ರಲ್ಲಿ ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಅವನು ಸತ್ತನು. ಎಡಿಸನ್ ಆ ಕೆಲಸವನ್ನೇ ಕೈಬಿಟ್ಟನು. ಲೋಕ ಕೈಬಿಡಲಿಲ್ಲ. ಪಶ್ಚಿಮ ದೇಶಗಳ ಪಾದರಕ್ಷೆಯ ಅಂಗಡಿಗಳಲ್ಲಿ, ಮಗುವಿನ ಕಾಲು ಜೋಡಿನೊಳಗೆ ಹೇಗೆ ಕುಳಿತಿದೆಯೆಂದು ತೋರಿಸುವುದಕ್ಕೆ ಸಹ ಕ್ಷ-ಕಿರಣದ ಪೆಟ್ಟಿಗೆಗಳನ್ನು ಇಟ್ಟಿದ್ದರು. 1950ರ ದಶಕದವರೆಗೂ ಅವು ಉಳಿದಿದ್ದುವು. 1936ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದ ಆಸ್ಪತ್ರೆಯೊಂದರ ಆವರಣದಲ್ಲಿ, ಈ ಕಿರಣಗಳ ಕೆಲಸದಲ್ಲಿ ಪ್ರಾಣ ತೆತ್ತವರ ಸ್ಮಾರಕವನ್ನು ನಿಲ್ಲಿಸಿದರು. ನಾನಾ ದೇಶಗಳ 150ಕ್ಕೂ ಹೆಚ್ಚು ವೈದ್ಯರ, ವಿಜ್ಞಾನಿಗಳ, ದಾದಿಯರ, ಸಹಾಯಕರ ಹೆಸರುಗಳನ್ನು ಆ ಕಲ್ಲಿನಲ್ಲಿ ಕೆತ್ತಿದ್ದಿತು. ಮುಂದೆ ಹೆಸರುಗಳು ಹೆಚ್ಚಿದುವು. ನಾವು ಇಂದು ಸೀಸದ ತಡಿಕೆಯ ಹಿಂದೆ ನಿಂತು ಕ್ಷಣಾರ್ಧದಲ್ಲಿ ಚಿತ್ರ ತೆಗೆಸಿಕೊಳ್ಳುವ ಸುರಕ್ಷತೆಯ ನಿಯಮಗಳನ್ನು ಬರೆದವರು ಇವರೇ ಎಂದು ಹೇಳಬೇಕು.

ಇನ್ನು ದನಿಯ ದಾರಿಗೆ ಹಿಂದಿರುಗೋಣ. 1912ನೆಯ ಏಪ್ರಿಲ್ 14ರ ರಾತ್ರಿ ಟೈಟಾನಿಕ್ ಹಡಗು ಉತ್ತರ ಅಟ್ಲಾಂಟಿಕ್ ಸಾಗರದಲ್ಲಿ ನೀರ್ಗಲ್ಲಿನ ಬೆಟ್ಟಕ್ಕೆ ತಾಗಿ, ಮಾರನೆಯ ನಸುಕಿನಲ್ಲಿ ಮುಳುಗಿತು. ಸುಮಾರು 1,500 ಜನ ಮಡಿದರು. ಕಾವಲುಗಾರರ ಕಣ್ಣಿಗೆ ಬೆಟ್ಟ ಕಂಡಾಗ ಕಾಲ ಮೀರಿತ್ತು. ಬಾವಲಿಯಂತೆ ದನಿಯನ್ನು ಕಳುಹಿಸಿ ಮರುದನಿಯಿಂದ ತಡೆಯನ್ನು ತಿಳಿಯಬಾರದೇಕೆ ಎಂಬ ಆಲೋಚನೆ ಹಲವರಿಗೆ ಒಟ್ಟಿಗೇ ಬಂತು. ಇಂಗ್ಲೆಂಡಿನ ರಿಚರ್ಡ್‌ಸನ್ ಕೆಲವೇ ದಿನಗಳಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದನು. ಕೆನಡದಲ್ಲಿ ಹುಟ್ಟಿದ ಫೆಸೆಂಡೆನ್ ಎಂಬ ಎಂಜಿನಿಯರನು ನೀರಿನೊಳಗೆ ಬಲವಾದ ದನಿ ಮಾಡುವ ಯಂತ್ರವನ್ನು ಹಡಗಿಗೆ ಕಟ್ಟಿ, 1914ನೆಯ ಏಪ್ರಿಲ್ 27ರಂದು ಸುಮಾರು ಎರಡು ಮೈಲಿ ದೂರದ ನೀರ್ಗಲ್ಲಿನ ಬೆಟ್ಟದಿಂದ ಮರುದನಿಯನ್ನು ಪಡೆದನು. ಸಮುದ್ರದ ತಳದಿಂದಲೂ ಮರುದನಿ ಬಂತು. ನೀರಿನಲ್ಲಿ ದನಿ ಸೆಕೆಂಡಿಗೆ ಸುಮಾರು 1,500 ಮೀಟರು ಸಾಗುವುದು. ಹೋಗಿ ಬರಲು ಎರಡು ಸೆಕೆಂಡು ಹಿಡಿದರೆ ವಸ್ತು 1,500 ಮೀಟರು ದೂರದಲ್ಲಿದೆಯೆಂದು ಲೆಕ್ಕ. ನೆರಳಿಗೆ ಇಲ್ಲದ ಆಳದ ಜ್ಞಾನ ಮರುದನಿಗೆ ಹೀಗೆ ಸಹಜವಾಗಿಯೇ ಉಂಟು.

ಆದರೆ ಮರುದನಿಗೆ ರೂಪದ ಜ್ಞಾನವಿರಲಿಲ್ಲ. ಫೆಸೆಂಡೆನ್ನನ ದನಿ ಕಿವಿಗೆ ಕೇಳುವಂಥ ಗಡಸು ದನಿ. ಅದರ ಅಲೆಯೊಂದರ ಉದ್ದ ನೀರಿನಲ್ಲಿ ಎರಡೂವರೆ ಮೀಟರಿಗೂ ಹೆಚ್ಚು. ಅಷ್ಟು ಉದ್ದದ ಅಲೆ ಎಲ್ಲ ಕಡೆಗೂ ಹರಡಿಹೋಗುವುದು, ಸಣ್ಣ ವಸ್ತುಗಳನ್ನು ಲೆಕ್ಕಿಸದೆ ಸುತ್ತಿಕೊಂಡು ಮುಂದೆ ಸಾಗುವುದು. ಅಲೆ ಚಿಕ್ಕದಾಗಬೇಕಾದರೆ ಕಂಪನದ ವೇಗ ಹೆಚ್ಚಬೇಕು. ಸೆಕೆಂಡಿಗೆ 20,000ವನ್ನು ಮೀರಿದರೆ ಮನುಷ್ಯನ ಕಿವಿಗೆ ಅದು ಕೇಳಿಸದು. ಈ ಶ್ರವಣಾತೀತ ಧ್ವನಿಯನ್ನು ಹುಟ್ಟಿಸುವ ಉಪಾಯ ಪ್ಯಾರಿಸ್ಸಿನಲ್ಲಿ ಸಿದ್ಧವಾಗಿಯೇ ಇತ್ತು. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುವುದೆಂದು ಜಾಕ್ ಮತ್ತು ಪಿಯರ್ ಕ್ಯೂರಿ ಸಹೋದರರು 1880ರಲ್ಲಿ ಕಂಡುಹಿಡಿದಿದ್ದರು. ವಿದ್ಯುತ್ತನ್ನು ಹಾಯಿಸಿದರೆ ಅದೇ ಹರಳು ನಡುಗುವುದು. ಪಿಯರ್ ಕ್ಯೂರಿಯ ಶಿಷ್ಯನಾದ ಪೌಲ್ ಲಾಂಜೆವಾಂ ಈ ಗುಣವನ್ನು ಉಪಯೋಗಿಸಿ, ಉಕ್ಕಿನ ಎರಡು ಫಲಕಗಳ ನಡುವೆ ಸ್ಫಟಿಕವನ್ನು ಜೋಡಿಸಿ, ಕಿರಿದಾದ ಧ್ವನಿಯ ಕಿರಣವನ್ನು ನೀರಿನಲ್ಲಿ ಹಾಯಿಸಿ, 1918ರಲ್ಲಿ ಜಲಾಂತರ್ಗಾಮಿ ನೌಕೆಯಿಂದ ಮರುದನಿಯನ್ನು ಪಡೆದನು. ಆ ಕಿರಣಕ್ಕೆ ಸಿಕ್ಕಿದ ಸಣ್ಣ ಮೀನುಗಳು ಸತ್ತುವೆಂದೂ, ಕೈಯಿಟ್ಟರೆ ನೋವಾಯಿತೆಂದೂ ಅವನು ಗಮನಿಸಿದ್ದನು. ಅತಿಯಾದ ಬಲದಲ್ಲಿ ದನಿಯೂ ನಿರಪಾಯವಲ್ಲ.

ಈ ಹಂತದಲ್ಲಿ ನಮ್ಮ ಬೆಂಗಳೂರಿಗೂ ಈ ಚರಿತ್ರೆಯಲ್ಲಿ ಒಂದು ಸ್ಥಾನ ದೊರೆಯಿತು. ಶ್ರವಣಾತೀತ ಧ್ವನಿ ಸಾಗುತ್ತಿರುವ ದ್ರವದ ಮೂಲಕ ಬೆಳಕನ್ನು ಹಾಯಿಸಿದರೆ, ಒಂದು ರೇಖೆ ಹಲವು ರೇಖೆಗಳಾಗಿ ಒಡೆಯುವುದೆಂದು 1932ರಲ್ಲಿ ಅಮೆರಿಕದಲ್ಲಿಯೂ ಫ್ರಾನ್ಸಿನಲ್ಲಿಯೂ ಕಂಡಿದ್ದರು. ಅದು ಹಾಗೇಕೆ ಒಡೆಯುವುದು, ಯಾವ ರೇಖೆ ಎಷ್ಟು ಪ್ರಕಾಶವುಳ್ಳದ್ದು ಎಂಬುದರ ಲೆಕ್ಕ ಸರಿಹೋಗಿರಲಿಲ್ಲ. ಭಾರತೀಯ ವಿಜ್ಞಾನ ಮಂದಿರದಲ್ಲಿದ್ದ ಸರ್ ಸಿ. ವಿ. ರಾಮನ್‌ರವರೂ ಅವರೊಡನೆ ಕೆಲಸ ಮಾಡುತ್ತಿದ್ದ ನಾಗೇಂದ್ರನಾಥ್‌ರವರೂ 1935-36ರಲ್ಲಿ ಪ್ರಕಟಿಸಿದ ಲೇಖನಮಾಲೆಯಲ್ಲಿ ಇದನ್ನು ಬಿಡಿಸಿದರು. ದ್ರವದೊಳಗೆ ಧ್ವನಿಯು ಒತ್ತಿದ ಪದರ ಸಡಿಲವಾದ ಪದರ ಎಂದು ಸಾಲುಸಾಲಾಗಿ ಹಾಸುವುದು. ಅವುಗಳನ್ನು ಹಾಯುವ ಬೆಳಕಿನ ಅಲೆಯ ಮುಖ ಏರಿಳಿತಗೊಂಡು ಸುಕ್ಕಾಗುವುದು. ಆ ಸುಕ್ಕಿನಿಂದಲೇ ರೇಖೆಗಳು ಹುಟ್ಟುವುವು. ಕಿವಿಗೆ ಕೇಳದ ದನಿಯನ್ನು ಕಣ್ಣಿನಿಂದ ಅಳೆಯುವುದಕ್ಕೆ ಇದು ಆಧಾರವಾಯಿತು. ರಾಮನ್-ನಾಥ್ ಸಿದ್ಧಾಂತವೆಂಬ ಹೆಸರಿನಿಂದ ಇದು ಇಂದಿಗೂ ಧ್ವನಿಶಾಸ್ತ್ರದ ಗ್ರಂಥಗಳಲ್ಲಿ ನಿಂತಿದೆ.

ವೆರ್ಸೈಲ್ಸಿನ ಇರುಸಿಗೆ ಉತ್ತರ ದೊರೆತದ್ದೂ ಈ ಕಾಲದಲ್ಲಿಯೇ. ಲೋಹದ ಒಳದೋಷವನ್ನು ಶ್ರವಣಾತೀತ ಧ್ವನಿಯಿಂದ ಪತ್ತೆ ಮಾಡಬಹುದೆಂದು ಲೆನಿನ್‌ಗ್ರಾಡಿನ ಸೊಕೊಲೊವ್ 1928ರಲ್ಲಿ ಸೂಚಿಸಿದನು. ಅವನ ಕ್ರಮದಲ್ಲಿ ದನಿಯನ್ನು ಒಂದು ಕಡೆಯಿಂದ ಕಳುಹಿಸಿ ಇನ್ನೊಂದು ಕಡೆಯಲ್ಲಿ ಹಿಡಿಯಬೇಕು. ಅದೂ ಒಂದು ಬಗೆಯ ನೆರಳೇ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ಫೈರ್‌ಸ್ಟೋನ್ 1940ರಲ್ಲಿ ಪೇಟೆಂಟಿಗೆ ಒಪ್ಪಿಸಿದ ಯಂತ್ರ ಕ್ಷಣಮಾತ್ರದ ದನಿಯನ್ನು ಕಳುಹಿಸಿ, ಅದೇ ಪಕ್ಕದಿಂದ ಮರುದನಿಯನ್ನು ಕೇಳುವುದು. ಉಕ್ಕಿನಲ್ಲಿ ದನಿ ಸೆಕೆಂಡಿಗೆ ಸುಮಾರು 5,900 ಮೀಟರು ಓಡುವುದರಿಂದ, ಒಂದು ಸೆಂಟಿಮೀಟರು ಆಳದ ಬಿರುಕಿನಿಂದ ಉತ್ತರ ಬರುವುದಕ್ಕೆ ಹಿಡಿಯುವ ಕಾಲ ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ ಮೂರು ನಾಲ್ಕು ಮಾತ್ರ. ಅಷ್ಟು ಅಲ್ಪಕಾಲವನ್ನು ಅಳೆದು ಗಾಜಿನ ಪರದೆಯ ಮೇಲೆ ಬೆಳಕಿನ ಮೊನೆಯಾಗಿ ತೋರಿಸುವುದು ಆಗಿನ ಹೊಸ ವಿದ್ಯುತ್ ಸಾಧನಗಳಿಂದಲೇ ಸಾಧ್ಯವಾಯಿತು.

ಕ್ಷ-ಕಿರಣವಿದ್ದ ಮೇಲೆ ಇದೇಕೆ ಬೇಕೆಂದು ಕೇಳಬಹುದು. ಎರಕದೊಳಗಿನ ಗಾಳಿಗುಳ್ಳೆ ದಪ್ಪನಾದುದು. ಅಲ್ಲಿ ಲೋಹ ಕಡಿಮೆಯಿರುವುದರಿಂದ ಕ್ಷ-ಕಿರಣಕ್ಕೆ ಸ್ಪಷ್ಟವಾಗಿ ಕಾಣುವುದು. ಕೂದಲೆಳೆಯ ಬಿರುಕು ಕಿರಣಕ್ಕೆ ಅಡ್ಡವಾಗಿ ಮಲಗಿದ್ದರೆ ಅಲ್ಲಿ ಕಡಿಮೆಯಾಗುವ ಲೋಹ ಇಲ್ಲವೆಂಬಷ್ಟು; ನೆರಳಿನಲ್ಲಿ ಭೇದ ತೋರದು. ಆದರೆ ಆ ಎಳೆಯಷ್ಟು ಗಾಳಿಯೂ ಉಕ್ಕಿನಲ್ಲಿ ಓಡುವ ದನಿಗೆ ಗೋಡೆಯಂತೆ. ಬಹುಮಟ್ಟಿಗೆ ಎಲ್ಲವೂ ಹಿಂದಿರುಗುವುದು. ಸಾಧನಕ್ಕೂ ಲೋಹಕ್ಕೂ ನಡುವೆ ಎಣ್ಣೆಯನ್ನೋ ನೀರನ್ನೋ ಸವರುವುದು ಇದೇ ಕಾರಣದಿಂದ. ಆದ್ದರಿಂದ ಕಾರ್ಖಾನೆಗಳಲ್ಲಿ ಎರಡನ್ನೂ ಇಟ್ಟುಕೊಂಡರು. ರೈಲಿನ ಇರುಸು, ವಿಮಾನದ ರೆಕ್ಕೆ, ಬಾಯ್ಲರಿನ ಬೆಸುಗೆ ಇವುಗಳ ಪರೀಕ್ಷೆಯಲ್ಲಿ ಸುತ್ತಿಗೆಯ ಆಳಿನ ಕೆಲಸವನ್ನು ಇಂದು ಈ ಯಂತ್ರಗಳು ಮಾಡುತ್ತಿವೆ.

ಬಾಯ್ಲರಿನ ಕಾರ್ಖಾನೆಯಿಂದಲೇ ಈ ವಿದ್ಯೆ ಹೆರಿಗೆಯ ಆಸ್ಪತ್ರೆಗೆ ಹೋದದ್ದು ಒಂದು ವಿಶೇಷ. ಅದಕ್ಕೆ ಮುಂಚೆ 1942ರಲ್ಲಿ ಕಾರ್ಲ್ ಡುಸಿಕ್ ಎಂಬ ಆಸ್ಟ್ರಿಯದ ವೈದ್ಯನು ತಲೆಯ ಮೂಲಕ ದನಿಯನ್ನು ಹಾಯಿಸಿ ಮಿದುಳಿನ ಚಿತ್ರಗಳನ್ನು ಪ್ರಕಟಿಸಿದ್ದನು. ಚಿತ್ರಗಳಲ್ಲಿ ಮಿದುಳಿನ ಆಕಾರವೂ ಕಂಡಿತ್ತು. ಆದರೆ ಹತ್ತು ವರ್ಷಗಳ ಮೇಲೆ ಬೇರೆಯವರು ಪರೀಕ್ಷಿಸಿದಾಗ, ಆ ಆಕಾರ ತಲೆಯೋಡಿನ ಮೂಳೆಯಿಂದ ಉಂಟಾದ ವಿಕಾರವೇ ಹೊರತು ಮಿದುಳಿನದಲ್ಲವೆಂದು ತಿಳಿಯಿತು. ಡುಸಿಕ್ ಮೋಸಗಾರನಲ್ಲ, ಕಾಣಬೇಕೆಂದಿದ್ದುದನ್ನು ಕಂಡನು. ಔಎನ್‌ಬ್ರುಗ್ಗರನು ಶವದೊಡನೆ ತಾಳೆ ನೋಡಿದ ಎಚ್ಚರದ ಬೆಲೆ ಇಲ್ಲಿ ತಿಳಿಯುವುದು.

ಗ್ಲಾಸ್ಗೋ ನಗರದ ಸ್ತ್ರೀರೋಗತಜ್ಞ ಅಯಾನ್ ಡೊನಾಲ್ಡನು ಈ ಎಚ್ಚರವನ್ನು ಬಿಡಲಿಲ್ಲ. 1955ರ ಜುಲೈ ತಿಂಗಳಲ್ಲಿ, ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಗಳನ್ನು ಮೋಟಾರಿನಲ್ಲಿ ತುಂಬಿಕೊಂಡು ರೆನ್‌ಫ್ರೂ ಊರಿನ ಬಾಯ್ಲರ್ ಕಾರ್ಖಾನೆಗೆ ಹೋದನು. ಅಲ್ಲಿ ಬೆಸುಗೆಯನ್ನು ಪರೀಕ್ಷಿಸುತ್ತಿದ್ದ ಯಂತ್ರವನ್ನು ಗಡ್ಡೆಗಳಿಗೆ ಇಟ್ಟು ನೋಡಿದನು. ಹೋಲಿಕೆಗಾಗಿ ಒಂದು ಮಾಂಸದ ತುಂಡನ್ನೂ ಇಟ್ಟುಕೊಂಡಿದ್ದರು. ನೀರು ತುಂಬಿದ ಗಡ್ಡೆಯ ಮರುದನಿಯೂ ಗಟ್ಟಿಗಡ್ಡೆಯ ಮರುದನಿಯೂ ಬೇರೆ ಬೇರೆಯಾಗಿದ್ದುವು. ಟಾಮ್ ಬ್ರೌನ್ ಎಂಬ ತರುಣ ಎಂಜಿನಿಯರನು ಅವನ ಜೊತೆಗೂಡಿ, ಸಾಧನವನ್ನು ಹೊಟ್ಟೆಯ ಮೇಲೆ ಸರಿಸುತ್ತ ಹೋದಂತೆ ಮರುದನಿಗಳು ಒಟ್ಟುಗೂಡಿ ಚಿತ್ರವಾಗುವ ಯಂತ್ರವನ್ನು ಕಟ್ಟಿದನು. ಮರುದನಿಗೆ ರೂಪ ಬಂದಿತು. ಹೊಟ್ಟೆಯ ಅರ್ಬುದವೆಂದೂ ಚಿಕಿತ್ಸೆಯಿಲ್ಲವೆಂದೂ ಕೈಬಿಟ್ಟಿದ್ದ ಒಬ್ಬ ಹೆಂಗಸನ್ನು ಡೊನಾಲ್ಡ್ ಈ ಕ್ರಮದಿಂದ ಪರೀಕ್ಷಿಸಿದಾಗ, ಒಳಗಿದ್ದುದು ಅಂಡಾಶಯದ ದೊಡ್ಡ ನೀರುಗಡ್ಡೆಯೆಂದು ತೋರಿತು. ಅದನ್ನು ತೆಗೆದರು, ಆಕೆ ಬದುಕಿದಳು. 1958ನೆಯ ಜೂನ್ 7ರಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇವರ ಲೇಖನ ಪ್ರಕಟವಾಯಿತು.

ಅದೇ ವರ್ಷ ಇಂಗ್ಲೆಂಡಿನ ಇನ್ನೊಂದು ಲೇಖನ ಈ ಹೊಸ ದಾರಿಯ ಅಗತ್ಯವನ್ನು ಎತ್ತಿ ತೋರಿಸಿತು. ಅರ್ಬುದದಿಂದ ಸತ್ತ ಮಕ್ಕಳ ತಾಯಂದಿರನ್ನೂ ಆರೋಗ್ಯವಂತ ಮಕ್ಕಳ ತಾಯಂದಿರನ್ನೂ ಡಾಕ್ಟರ್ ಆಲಿಸ್ ಸ್ಟೂವರ್ಟ್ ಮತ್ತು ಅವರ ಸಹೋದ್ಯೋಗಿಗಳು ಪ್ರಶ್ನಿಸಿ ಉತ್ತರಗಳನ್ನು ಹೋಲಿಸಿದರು. ಬಸುರಿಯಾಗಿದ್ದಾಗ ಹೊಟ್ಟೆಗೆ ಕ್ಷ-ಕಿರಣ ಹಾಯಿಸಿಕೊಂಡಿದ್ದವರು ಮೊದಲನೆಯ ಗುಂಪಿನಲ್ಲಿ ಸುಮಾರು ಇಮ್ಮಡಿಯಾಗಿದ್ದರು. ಮಗು ಹೇಗೆ ಮಲಗಿದೆಯೆಂದು ತಿಳಿಯುವುದಕ್ಕಾಗಿ ಒಳ್ಳೆಯ ಉದ್ದೇಶದಿಂದಲೇ ಆ ಚಿತ್ರಗಳನ್ನು ತೆಗೆಸಿದ್ದರು. ವೈದ್ಯಲೋಕ ಈ ಮಾತನ್ನು ಕೂಡಲೇ ಒಪ್ಪಲಿಲ್ಲ. ಒಪ್ಪುವುದಕ್ಕೆ ಹಲವು ವರ್ಷಗಳು ಬೇಕಾದುವು. ಕ್ರಮೇಣ ಗರ್ಭಿಣಿಯರ ಪರೀಕ್ಷೆಯಲ್ಲಿ ಕಿರಣ ಹಿಂದೆ ಸರಿದು, ಮೆಲುದನಿಯ ಮರುದನಿ ಅದರ ಸ್ಥಾನಕ್ಕೆ ಬಂದಿತು. ಕಿರಣದ ದಾರಿಯೂ ನಿಂತುಹೋಗಲಿಲ್ಲ. ಹೌನ್ಸ್‌ಫೀಲ್ಡ್ ಎಂಬ ಇಂಗ್ಲಿಷ್ ಎಂಜಿನಿಯರನು ಸುತ್ತಲೂ ಹಲವು ದಿಕ್ಕುಗಳಿಂದ ತೆಗೆದ ನೆರಳುಗಳನ್ನು ಗಣಕಯಂತ್ರದಿಂದ ಲೆಕ್ಕ ಹಾಕಿಸಿ, ಶರೀರದ ಒಂದೊಂದು ಪದರವನ್ನೂ ಬೇರೆಯಾಗಿ ಚಿತ್ರಿಸಿದನು. 1971ನೆಯ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ ಮೊದಲ ರೋಗಿಯ ಪರೀಕ್ಷೆ ನಡೆಯಿತು. ನೆರಳಿಗೂ ಕೊನೆಗೆ ಆಳ ಬಂದಿತು.

ಇಲ್ಲಿಗೆ ಕಥೆಯನ್ನು ಮುಗಿಸಬಹುದಾಗಿತ್ತು. ಆದರೆ ನಮ್ಮ ದೇಶದ ಮಟ್ಟಿಗೆ ಅದು ಇಲ್ಲಿ ಮುಗಿಯುವುದಿಲ್ಲ. ತಾಯಿಯನ್ನೂ ಮಗುವನ್ನೂ ಉಳಿಸುವುದಕ್ಕೆಂದು ಬಂದ ಈ ಯಂತ್ರದಿಂದ ಗರ್ಭದಲ್ಲಿರುವುದು ಗಂಡೋ ಹೆಣ್ಣೋ ಎಂದು ತಿಳಿದು, ಹೆಣ್ಣಾದರೆ ಅಲ್ಲಿಯೇ ನಾಶಪಡಿಸುವ ಕ್ರೂರಕಾರ್ಯಕ್ಕೆ ಜನ ಕೈಹಾಕಿದರು. ಆರು ವರ್ಷದವರೆಗಿನ ಮಕ್ಕಳಲ್ಲಿ 1,000 ಗಂಡುಮಕ್ಕಳಿಗೆ 1991ರ ಜನಗಣತಿಯಲ್ಲಿ 945 ಹೆಣ್ಣುಮಕ್ಕಳಿದ್ದರು. 2001ರಲ್ಲಿ 927 ಮಂದಿ ಮಾತ್ರ. ಇದಕ್ಕೆಲ್ಲ ಯಂತ್ರವೊಂದೇ ಕಾರಣವೆಂದು ಹೇಳಲಾಗದು. ಹೆಣ್ಣನ್ನು ಹೊರೆಯೆಂದು ಎಣಿಸುವ ಮನಸ್ಸು ಯಂತ್ರಕ್ಕಿಂತ ಬಹಳ ಹಳೆಯದು. ಆದರೆ ಆ ಮನಸ್ಸಿಗೆ ಕಣ್ಣು ದೊರೆತಾಗ ಏನಾಗುವುದೆಂಬುದನ್ನು ಈ ಅಂಕಿಗಳು ಹೇಳುತ್ತವೆ. 1994ರಲ್ಲಿ ಲಿಂಗಪತ್ತೆಯನ್ನು ನಿಷೇಧಿಸುವ ಶಾಸನವಾಯಿತು. 1996ರಿಂದ ಜಾರಿಗೆ ಬಂದು 2003ರಲ್ಲಿ ಬಿಗಿಯಾಯಿತು. ಇಲ್ಲಿ ಭ್ರೂಣದ ಲಿಂಗವನ್ನು ಹೇಳಲಾಗುವುದಿಲ್ಲವೆಂಬ ಫಲಕ ಪರೀಕ್ಷಾಲಯಗಳ ಗೋಡೆಯ ಮೇಲೆ ಇರುವುದು ಇದರಿಂದಲೇ.

ಈ ಚರಿತ್ರೆಯನ್ನು ಆದಿಯಿಂದ ನೋಡಿದರೆ ಮೂರು ಬಗೆಯ ತಪ್ಪುಗಳು ಕಾಣುವುವು. ಗಾರ್‌ಫೀಲ್ಡನ ವೈದ್ಯನು ತಾನು ಮೊದಲೇ ನಂಬಿದ ಕಡೆಯಲ್ಲಿ ಮಾತ್ರ ನೋಡಿದನು. ಕ್ಷ-ಕಿರಣದ ಮೊದಲ ಉಪಾಸಕರು ನೋಡುವುದಕ್ಕೂ ಒಂದು ಬೆಲೆಯಿದೆಯೆಂಬುದನ್ನು ತಡವಾಗಿ ಅರಿತರು. ನಮ್ಮವರಲ್ಲಿ ಕೆಲವರು ಸರಿಯಾಗಿಯೇ ನೋಡಿ, ಕಂಡದ್ದನ್ನು ಅನ್ಯಾಯಕ್ಕೆ ಉಪಯೋಗಿಸಿದರು. ಮೊದಲನೆಯದಕ್ಕೆ ತಾಳ್ಮೆಯ ಪರೀಕ್ಷೆ ಮದ್ದು. ಎರಡನೆಯದಕ್ಕೆ ಸೀಸದ ತಡಿಕೆಯೂ ನಿಯಮವೂ ಮದ್ದು. ಮೂರನೆಯದಕ್ಕೆ ಪ್ರಯೋಗಶಾಲೆಯಲ್ಲಿ ಮದ್ದು ದೊರೆಯದು. ಅದನ್ನು ಮನೆಮನೆಯಲ್ಲಿ ಹುಡುಕಬೇಕು. ಗಡಿಗೆಯನ್ನು ತಟ್ಟುವ ಗೃಹಿಣಿಗೆ ದನಿ ಮಾತ್ರ ಕೇಳುವುದು. ಕೊಳ್ಳಬೇಕೋ ಬಿಡಬೇಕೋ ಎಂದು ನಿಶ್ಚಯಿಸುವವಳು ಅವಳೇ. ನಮ್ಮ ಯಂತ್ರಗಳು ಎಷ್ಟೇ ಸೂಕ್ಷ್ಮವಾದರೂ ಆ ನಿಶ್ಚಯದ ಭಾರ ನಮ್ಮ ಮೇಲೆಯೇ ಉಳಿದಿದೆಯೆಂದು ತಿಳಿಸಿ ಈ ಭಾಷಣವನ್ನು ಮುಗಿಸುತ್ತೇನೆ.